ಸೀಟಿಗೆ ನಂಬರುಂಟು, ಚೀಲಕ್ಕಿಲ್ಲ

"ನಮ್ಮ ಜನಕ್ಕೆ ಸಾಲಲ್ಲಿ ನಿಲ್ಲೋಕೆ ಬರೋಲ್ಲ, ವಿಮಾನಕ್ಕೂ ಟೌನ್ ಬಸ್ಸಿಗೆ ಹತ್ತೋ ಹಾಗೆ ಮುಗಿಬೀಳ್ತಾರೆ." ನಾಲ್ಕಕ್ಷರ ಕಲಿತವರ ಬಾಯಲ್ಲಿ ಈಗ ಇದೇ ಮಾತು. ತಿರುಪ್ಪೂರಿನ ಬನಿಯನ್ ಕಂಪನಿ ಕೆಲಸದವರು, ಸಿರುಮುಗೈ ನೇಕಾರರ ಮಕ್ಕಳು ಪೀಳಮೇಡಿನಲ್ಲಿ ವಿಮಾನ ಹತ್ತೋ ಕಾಲ ಬಂದ ಮೇಲೆ ಈ ಬೈಗುಳ ಹೆಚ್ಚಾಗಿದೆ. ನಾನು ಇದನ್ನು ಒಪ್ಪೋದಿಲ್ಲ. ತಪ್ಪು ಇರೋದು ಹತ್ತೋರಲ್ಲಲ್ಲ, ಹತ್ತಿಸೋ ಕ್ರಮದಲ್ಲಿ.

ಬಸ್ಸಿನ ಕಿಟಕಿಯಿಂದ ಯಾಕೆ ಟವಲ್ ಹಾಕ್ತೇವೆ? ಸೀಟಿಗೆ ನಂಬರಿಲ್ಲ, ಅದಕ್ಕೆ. ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ಶುರು ಮಾಡಿದಾಗ ವಿಮಾನದಲ್ಲೂ ಹಾಗೇ ಇತ್ತು, ಮೊದಲು ಹತ್ತಿದವರು ಬೇಕಾದ ಕಡೆ ಕೂತರು. (2020ರ 'ಸೂರರೈ ಪೋಟ್ರು' ಸಿನಿಮಾಕ್ಕೆ ಅವರ ಬದುಕೇ ಮೂಲ, ಕತೆ ಮಾತ್ರ ಮಧುರೈ ಕಡೆಗೆ ಹೋಯ್ತು.) ಈಗ ಸೀಟಿಗೆ ನಂಬರುಂಟು. ಆದರೆ ತಲೆ ಮೇಲೆ ಚೀಲ ಇಡೋ ಜಾಗಕ್ಕೆ ಇಲ್ಲ. ಕೊನೆಗೆ ಹತ್ತಿದವನ ಚೀಲ ಎಲ್ಲೋ ಹತ್ತು ಸಾಲು ಹಿಂದೆ ಹೋಗುತ್ತೆ. ಇಳಿಯುವಾಗ ಹಿಂದಿನವರೆಲ್ಲ ಇಳಿಯೋವರೆಗೂ ಅವನು ಕಾಯಬೇಕು. ಇದು ತಿಳಿದವನು ಬೇಗ ಎದ್ದು ನಿಂತರೆ ಅದು ಅಶಿಸ್ತೋ, ಲೆಕ್ಕಾಚಾರವೋ?

ಶಿಸ್ತಿನ ವಿಷಯಕ್ಕೇ ಬರೋಣ. ಹಿಂದಿನ ಸಾಲಿನವರು ಮೊದಲು, ಮುಂದಿನವರು ಆಮೇಲೆ ಅಂತ ಕರೆಯೋದು ನೋಡೋಕೆ ಅಚ್ಚುಕಟ್ಟು. ಅಮೆರಿಕದ ಭೌತವಿಜ್ಞಾನಿ ಜೇಸನ್ ಸ್ಟೆಫನ್ 2008ರಲ್ಲಿ ಇದರ ಲೆಕ್ಕ ಹಾಕಿದರು. ಆಮೇಲೆ ಮಾದರಿ ವಿಮಾನದಲ್ಲಿ 72 ಜನರನ್ನು ಹತ್ತಿಸಿಯೂ ನೋಡಿದರು. ಹಿಂದಿನಿಂದ ಗುಂಪುಗುಂಪಾಗಿ ಹತ್ತಿಸಿದರೆ ಸುಮಾರು 7 ನಿಮಿಷ. ಯಾರು ಬೇಕಾದರೂ ಹೇಗೆ ಬೇಕಾದರೂ ಹತ್ತಿದರೆ 5 ನಿಮಿಷಕ್ಕೂ ಕಡಿಮೆ! ಕಾರಣ ಸುಲಭ. ನಡುದಾರಿಯ ಅಗಲ ಒಬ್ಬರಷ್ಟೇ. ಅಕ್ಕಪಕ್ಕದ ಸಾಲಿನವರೆಲ್ಲ ಒಟ್ಟಿಗೆ ಬಂದರೆ ಒಬ್ಬ ಚೀಲ ಎತ್ತುವಾಗ ಉಳಿದವರೆಲ್ಲ ಸುಮ್ಮನೆ ನಿಲ್ಲಬೇಕು. ಚದುರಿ ಬಂದರೆ ನಾಲ್ಕಾರು ಜನ ಒಂದೇ ಹೊತ್ತಿಗೆ ಚೀಲ ಎತ್ತಿ ಕೂರ್ತಾರೆ. ಕಿಟಕಿ ಸೀಟಿನವರನ್ನು ಮೊದಲು ಕರೆದರೆ ಇನ್ನೂ ಬೇಗ. ಯುನೈಟೆಡ್ ಏರ್‌ಲೈನ್ಸ್ 2023ರಲ್ಲಿ ಮತ್ತೆ ಈ ಕ್ರಮಕ್ಕೆ ಬಂತು, ಒಂದೇ ಕುಟುಂಬದವರನ್ನು ಬೇರೆ ಮಾಡದೆ.

ನಮ್ಮಲ್ಲಿ ಇನ್ನೊಂದು ತಮಾಷೆ ಉಂಟು. ಬಾಗಿಲಲ್ಲಿ ಗುಂಪು ಒಂದು, ಗುಂಪು ಎರಡು ಅಂತ ಕರೆದು, ಆಮೇಲೆ ಎಲ್ಲರನ್ನೂ ಒಂದೇ ಬಸ್ಸಿಗೆ ತುಂಬ್ತಾರೆ. ಕೊನೆಗೆ ಬಸ್ ಹತ್ತಿ ಬಾಗಿಲ ಹತ್ತಿರ ನಿಂತವನೇ ಮೊದಲು ಇಳಿದು ಏಣಿ ಹತ್ತುತ್ತಾನೆ. ಕರೆದ ಕ್ರಮ ಬಸ್ಸಲ್ಲೇ ಕಲಸಿಹೋಯ್ತು.

ಮೊದಲು ಹತ್ತೋಕೆ ದುಡ್ಡು ತಗೊಳ್ಳೋದೂ ಉಂಟು. ಪಳನಿಯಲ್ಲಿ ಸ್ಪೆಷಲ್ ಟಿಕೆಟ್ ತಗೊಂಡೋನಿಗೆ ಮುರುಗನ ದರ್ಶನವಾದರೂ ಬೇಗ ಆಗುತ್ತೆ. ಇಲ್ಲಿ ದುಡ್ಡು ಕೊಟ್ಟೋನೂ ಕೊಡದೋನೂ ಒಂದೇ ಹೊತ್ತಿಗೆ ಹಾರ್ತಾರೆ. ಹಾಗಾದರೆ ಅವನು ಕೊಂಡಿದ್ದು ಏನು? ಚೀಲದ ಜಾಗ. ಜಾಗದ ಕೊರತೆಯೇ ಇಲ್ಲಿ ವ್ಯಾಪಾರ.

ನಮ್ಮ ಚೌಡೇಶ್ವರಿ ಹಬ್ಬದ ಪಂಕ್ತಿಯಲ್ಲಿ ಯಾರೂ ಎಲೆಗೆ ಓಡೋದಿಲ್ಲ. ಎರಡನೇ ಪಂಕ್ತಿಗೂ ಅನ್ನ ಉಂಟು ಅಂತ ಎಲ್ಲರಿಗೂ ಗೊತ್ತು. ಸಾಲಿನ ಪಾಠ ಹೇಳೋ ಮೇಷ್ಟ್ರುಗಳು ಇದನ್ನೂ ಮಕ್ಕಳಿಗೆ ಹೇಳಲಿ. ಮಂಡಿನೋವಿನ ಅಜ್ಜಿ, ಕೂಸು ಎತ್ತಿಕೊಂಡ ತಾಯಿ ಮೊದಲು ಹೋಗಲಿ, ಕಾಸಿಲ್ಲದೆ. ಉಳಿದವರಿಗೆ ಸೀಟಿನ ನಂಬರನ್ನೇ ಮೇಲಿನ ಚೀಲದ ಜಾಗಕ್ಕೂ ಬರೆಯಲಿ. 7 ಕಿಲೋ ಚೀಲ ಕೈಯಲ್ಲಿ ತರಬಹುದು ಅಂತ ಹೇಳಿದವರು ಅವರೇ. ಅಷ್ಟೂ ಜನರ ಚೀಲ ಹಿಡಿಸೋಲ್ಲ ಅಂದರೆ ಅದನ್ನು ಟಿಕೆಟ್ ಮಾರುವಾಗಲೇ ಹೇಳಲಿ.