ಚಕ್ಕರ್ ಬಂತಾ? ಮೊದಲು ಟೈಮ್ ನೋಡಿ

ನಮ್ಮ ಹುಬ್ಬಳ್ಳಿ-ಧಾರವಾಡದಲ್ಲಿ ‘ಚಕ್ಕರ್ ಬಂತು’ ಅನ್ನೋ ಮಾತಿಗೆ ಅರ್ಥ ಒಂದೆರಡಲ್ಲ. ಉಪವಾಸದಿಂದ ಕಣ್ಣಿಗೆ ಕತ್ತಲೆ ಬಂದರೂ ಚಕ್ಕರ್, ಬಿಸಿಲಿಗೆ ಬವಳಿ ಬಂದರೂ ಚಕ್ಕರ್, ಇಡೀ ಮನೆ ಗಿರಗಿರ ತಿರುಗಿದಂತಾದರೂ ಚಕ್ಕರ್. ಮನೆಯವರ ಉತ್ತರ ಮಾತ್ರ ಒಂದೇ: ‘ಪಿತ್ತ ಆಗೇತಿ, ಲಿಂಬಿ ಶರಬತ್ತು ಕುಡಿ.’ ಅದಕ್ಕೂ ಬಗ್ಗದಿದ್ದರೆ ಮೆಡಿಕಲ್ ಶಾಪಿನ ಗುಳಿಗೆ.

ಆದರೆ ಕಾರಣ ಬೇರೆಯಾದರೆ ಚಿಕಿತ್ಸೆಯೂ ಬೇರೆ. ಸಾಫ್ಟ್‌ವೇರ್‌ನಲ್ಲಿ ಬಗ್ ಬಂದಾಗ ನಾವು ಕೇಳೋ ಪ್ರಶ್ನೆಗಳೇ ಇಲ್ಲೂ ಕೆಲಸಕ್ಕೆ ಬರುತ್ತವೆ: ಏನು ಮಾಡಿದಾಗ ಬಂತು? ಎಷ್ಟು ಹೊತ್ತು ಇತ್ತು? ಜೊತೆಗೆ ಇನ್ನೇನಾಯಿತು?

ಕೆಲವೇ ಸೆಕೆಂಡು ಇದ್ದರೆ: ಕಳೆದ ವರ್ಷ ನಮ್ಮವ್ವ ‘ಮಗ್ಗಲ ಹೊಳ್ಳಿದ್ರ ಸಾಕು, ಮನೀನ ತಿರಗತೈತಿ’ ಅಂದಳು. ಒಂದು ನಿಮಿಷದೊಳಗೆ ನಿಲ್ಲುತ್ತಿತ್ತು. ಕಿವಿ-ಮೂಗು-ಗಂಟಲು ಡಾಕ್ಟರು ಅವಳ ಕತ್ತನ್ನು 45 ಡಿಗ್ರಿ ತಿರುಗಿಸಿ, ಸರಕ್ಕನೆ ಹಿಂದಕ್ಕೆ ಮಲಗಿಸಿ ಕಣ್ಣು ನೋಡಿದರು. ಕಣ್ಣುಗುಡ್ಡೆ ತಾನಾಗಿಯೇ ಪಟಪಟ ಅಲುಗುತ್ತಿತ್ತು. ಇದು ಡಿಕ್ಸ್-ಹಾಲ್‌ಪೈಕ್ ಪರೀಕ್ಷೆ. ಕಾಯಿಲೆಯ ಹೆಸರು ಬಿಪಿಪಿವಿ. ತಲೆಸುತ್ತಿಗೆ ತೀರಾ ಸಾಮಾನ್ಯವಾದ ಕಾರಣಗಳಲ್ಲಿ ಇದೂ ಒಂದು.

ಒಳಗಿವಿಯಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್‌ನ ಸಣ್ಣ ಹರಳುಗಳಿರುತ್ತವೆ. ಅವು ಜಾಗ ಬಿಟ್ಟು ಅರ್ಧವೃತ್ತದ ನಾಳದೊಳಗೆ ಜಾರಿದರೆ, ತಲೆ ಹೊರಳಿಸಿದಾಗೆಲ್ಲ ಮಿದುಳಿಗೆ ‘ತಿರುಗ್ತಿದ್ದೀವಿ’ ಅನ್ನೋ ಸುಳ್ಳು ಸಂದೇಶ ಹೋಗುತ್ತದೆ. ಗುಳಿಗೆ ಆ ಹರಳನ್ನು ವಾಪಸ್ ಕಳಿಸಲಾರದು. ತಲೆಯನ್ನು ಕ್ರಮವಾಗಿ ತಿರುಗಿಸಿ ಕಳಿಸಬೇಕು. ಅಮೆರಿಕದ ಡಾ. ಜಾನ್ ಎಪ್ಲಿ 1992ರಲ್ಲಿ ಪ್ರಕಟಿಸಿದ ಈ ವಿಧಾನಕ್ಕೆ ಹತ್ತು ನಿಮಿಷ ಸಾಕು. ಅವ್ವನಿಗೆ ಎರಡು ಸಲ ಮಾಡಿದರು, ಹೋಯಿತು. ಇದು ಮರಳಿ ಬರಬಹುದು; ಬಂದರೆ ಮತ್ತೆ ಅದೇ ಉಪಾಯ. ಯಾವ ಕಿವಿ ಅನ್ನೋದು ಮೊದಲು ಗೊತ್ತಾಗಬೇಕು, ಕತ್ತಿನ ನೋವಿದ್ದರೆ ಎಚ್ಚರ ಬೇಕು. ಹಾಗಾಗಿ ಮೊದಲ ಸಲವೇ ಯೂಟ್ಯೂಬ್ ನೋಡಿ ಮಾಡಬೇಡಿ.

ತಾಸುಗಟ್ಟಲೆ ಇದ್ದರೆ: ಜೊತೆಗೆ ಒಂದು ಕಿವಿ ಮಂದವಾಗಿ, ಗುಂಯ್‌ಗುಡುತ್ತಾ, ತುಂಬಿಕೊಂಡಂತಾದರೆ ಮೆನಿಯರ್ ಕಾಯಿಲೆ ಇರಬಹುದು. ಇದಕ್ಕೆ ಉಪ್ಪು ಕಡಿಮೆ ಮಾಡಲು ಹೇಳುತ್ತಾರೆ, ಔಷಧಿಯೂ ಇದೆ. ತಲೆನೋವು ಇದ್ದು, ಬೆಳಕು-ಸದ್ದು ಸಹಿಸಲಾಗದಿದ್ದರೆ ಮೈಗ್ರೇನ್ ಅನುಮಾನ. ನಿದ್ದೆಗೆಟ್ಟು ಶಿಫ್ಟ್ ಮಾಡುವ ನಮ್ಮಂಥವರಿಗೆ ಇದು ನೆನಪಿರಲಿ.

ದಿನಗಟ್ಟಲೆ ಬಿಡದಿದ್ದರೆ: ಸಮತೋಲನದ ನರದ ಉರಿಯೂತ ಇರಬಹುದು. ವಾಂತಿ, ಸುತ್ತು ತಡೆಯುವ ಗುಳಿಗೆ ಮೊದಲ ಎರಡು-ಮೂರು ದಿನಕ್ಕೆ ಸಾಕು. ಮುಂದುವರಿಸಿದರೆ ಮಿದುಳು ಹೊಂದಿಕೊಳ್ಳೋದೇ ತಡವಾಗುತ್ತದೆ. ಆಮೇಲೆ ಬೇಕಾದದ್ದು ಓಡಾಟ, ವ್ಯಾಯಾಮ. ಆದರೆ ಪಾರ್ಶ್ವವಾಯು ಕೂಡ ಹೀಗೇ ಕಾಣಿಸಿಕೊಳ್ಳಬಹುದು, ಆದ್ದರಿಂದ ಅಂದೇ ತೋರಿಸಿ.

ಎದ್ದು ನಿಂತಾಗ ಮಾತ್ರ ಬಂದರೆ: ಬಿಪಿ ಇಳಿದಿರಬಹುದು. ನೀರು ಕಡಿಮೆಯಾಯಿತೇ, ರಕ್ತಹೀನತೆ ಇದೆಯೇ, ಬಿಪಿ ಗುಳಿಗೆ ಹೆಚ್ಚಾಯಿತೇ, ನೋಡಿಸಿ.

ಕಾಯಬಾರದ್ದು ಇದು: ತಲೆಸುತ್ತಿನ ಜೊತೆ ಮಾತು ತೊದಲುವುದು, ಒಂದು ಎರಡಾಗಿ ಕಾಣುವುದು, ಮುಖ ಸೊಟ್ಟಗಾಗುವುದು, ಕೈಕಾಲು ಸೋಲುವುದು, ಹಿಡಿದುಕೊಂಡರೂ ನಿಲ್ಲಲಾಗದಿರುವುದು, ಹಿಂದೆಂದೂ ಬಾರದಂಥ ತಲೆನೋವು. ಇದರಲ್ಲಿ ಒಂದಿದ್ದರೂ ಶರಬತ್ತು ಬೇಡ, 108ಕ್ಕೆ ಫೋನ್ ಮಾಡಿ. ವಿದ್ಯಾನಗರದ ಕಿಮ್ಸ್‌ನಂಥ, ಅಂದರೆ ಈಗಿನ ಕೆಎಂಸಿ-ಆರ್‌ಐನಂಥ ದೊಡ್ಡ ಆಸ್ಪತ್ರೆಗೆ ನೇರವಾಗಿ ಹೋಗಿ. ಪಾರ್ಶ್ವವಾಯುವಿನಲ್ಲಿ ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ನಿಗೆ ಸಾಮಾನ್ಯವಾಗಿ ನಾಲ್ಕೂವರೆ ತಾಸಿನ ಗಡುವು. ಅದರ ಲೆಕ್ಕ ಆಸ್ಪತ್ರೆ ಮುಟ್ಟಿದ ಮೇಲೆ ಅಲ್ಲ, ಲಕ್ಷಣ ಶುರುವಾದಾಗಿನಿಂದ.

ಅಪಾಯದ ಲಕ್ಷಣ ಇಲ್ಲದಿದ್ದರೆ ಕೈಯಲ್ಲಿರೋ ಫೋನನ್ನೇ ಬಳಸಿ. ಶುರುವಾದ ಹೊತ್ತು, ನಿಂತ ಹೊತ್ತು ಬರೆದಿಡಿ. ಸುತ್ತು ಇರುವಾಗಲೇ ಕಣ್ಣಿನ ವಿಡಿಯೊ ತೆಗೆಯಿರಿ. ‘ಚಕ್ಕರ್ ಬರ್ತದ ಡಾಕ್ಟ್ರೇ’ ಅನ್ನೋದಕ್ಕಿಂತ ಆ ಅರ್ಧ ನಿಮಿಷದ ವಿಡಿಯೊ ಅವರಿಗೆ ಎಷ್ಟೋ ಹೆಚ್ಚು ಹೇಳುತ್ತದೆ.