ಹೆಸರು ಬರೆದುಕೊಂಡರೆ ಸಾಕೇ?



ಒಳ್ಳೆಯ ಸಮಾರಿಯದವನ ಸಾಮತಿ ನಮಗೆಲ್ಲ ಗೊತ್ತು. ಗಾಯಕ್ಕೆ ಎಣ್ಣೆ ಹಾಕಿದ್ದು ನೆನಪಿರುತ್ತದೆ. ಛತ್ರದವನ ಕೈಗೆ ಎರಡು ನಾಣ್ಯ ಕೊಟ್ಟದ್ದು ಮರೆತುಹೋಗುತ್ತದೆ. ಹೆಚ್ಚು ಖರ್ಚಾದರೆ ಮರಳಿ ಬಂದಾಗ ಕೊಡುತ್ತೇನೆ ಎಂದೂ ಅವನು ಹೇಳಿದ. ಹೊಸ ರೋಗಿಯನ್ನು ಒಪ್ಪಿಕೊಳ್ಳುವವರಿಗೆ ಹಣ ಕೊಡುವುದು ತಪ್ಪಲ್ಲ ಎಂದೇ ನಾವು ನಂಬುತ್ತೇವೆ. ಆದರೆ ಗಾಯ ಆಳವಾದಷ್ಟೂ ಹಣ ಹೆಚ್ಚಬೇಕು, ಕೊಟ್ಟವರು ಮರಳಿ ಬಂದು ನೋಡಬೇಕು.

ಕರುಮತ್ತಂಪಟ್ಟಿಯ ಜಪಮಾಲೆ ಮಾತೆಯ ದೇವಾಲಯದಿಂದ ಸೋಮನೂರಿನ ಕಡೆ ಹೊರಟರೆ ಪವರ್‌ಲೂಮ್ ಸದ್ದು ಕೇಳುತ್ತದೆ. ಶೆಡ್ಡಿನೊಳಗೆ ಹತ್ತಿಯ ಧೂಳು, ರಾತ್ರಿ ಪಾಳಿ. ಕೆಮ್ಮಿಗೆ ಮೆಡಿಕಲ್ ಅಂಗಡಿಯ ಮಾತ್ರೆ. ಶುಗರ್ ಇದೆಯೆಂದು ತಿಳಿಯುವುದು ಕಾಲಿನ ಹುಣ್ಣು ಮಾಯದಿದ್ದಾಗ. ಊರಲ್ಲಿ ಡಾಕ್ಟರಿಲ್ಲ ಎಂದಲ್ಲ. "ನಮ್ಮ ಡಾಕ್ಟರ್" ಎನ್ನಲು ಬಡವರಿಗೆ ಯಾರೂ ಇಲ್ಲ.

1952ರಲ್ಲಿ ಶುರುವಾದ ಇಎಸ್‌ಐ ಯೋಜನೆಯಲ್ಲಿ ಸರಕಾರಿ ಔಷಧಾಲಯಗಳಲ್ಲದೆ ಪ್ಯಾನೆಲ್ ಡಾಕ್ಟರ್ ಎಂಬ ದಾರಿಯೂ ಇದೆ. ಖಾಸಗಿ ಡಾಕ್ಟರು ಕಾರ್ಮಿಕ ಕುಟುಂಬಗಳನ್ನು ತಮ್ಮ ಪಟ್ಟಿಗೆ ಸೇರಿಸಿಕೊಂಡರೆ, ಕುಟುಂಬಕ್ಕೆ ವರ್ಷಕ್ಕೆ ಇಷ್ಟು ಎಂದು ನಿಗದಿಯಾದ ಹಣ. ಒಳ್ಳೆಯ ಯೋಚನೆಯೇ. ಆದರೆ ಗಟ್ಟಿಮುಟ್ಟಾದ ಯುವಕನಿಗೂ, ಮನೆ ತುಂಬ ರೋಗಿಗಳಿರುವವನಿಗೂ ಒಂದೇ ದರ ಇಟ್ಟರೆ ಡಾಕ್ಟರಿಗೆ ಯಾರು ಇಷ್ಟವಾಗುತ್ತಾರೆ? ಪಟ್ಟಿ ಬೆಳೆಯುತ್ತದೆ, ಆರೈಕೆ ಬೆಳೆಯುವುದಿಲ್ಲ. ಬ್ರಿಟನ್ ಕೂಡ ತನ್ನ ಕುಟುಂಬ ವೈದ್ಯರಿಗೆ ಪಟ್ಟಿಯ ಲೆಕ್ಕದಲ್ಲೇ ಹಣ ಕೊಡುತ್ತದೆ. ಆದರೆ 2004ರಿಂದ ವಯಸ್ಸು, ಕಾಯಿಲೆಯ ಹೊರೆ ನೋಡಿ ಮೊತ್ತವನ್ನು ಹೆಚ್ಚುಕಡಿಮೆ ಮಾಡುತ್ತದೆ. ನಮಗೇಕೆ ಆಗದು?

"ವೈದ್ಯವೃತ್ತಿ ಸೇವೆ, ಅದಕ್ಕೆ ಆಮಿಷವೇಕೆ?" ಎನ್ನುವವರಿದ್ದಾರೆ. ಸೇವೆ ಮಾಡುವವರೂ ಕ್ಲಿನಿಕ್ಕಿನ ಬಾಡಿಗೆ, ನರ್ಸಿನ ಸಂಬಳ ಕೊಡಲೇಬೇಕು. ತ್ಯಾಗವನ್ನು ಡಾಕ್ಟರಿಂದ ಮಾತ್ರ ಕೇಳುವುದು ನ್ಯಾಯವಲ್ಲ.

ಇದಕ್ಕಿಂತ ದೊಡ್ಡ ಅನ್ಯಾಯ ಇನ್ನೊಂದಿದೆ. ಇಎಸ್‌ಐ ಸಾಮಾನ್ಯವಾಗಿ ಕಡ್ಡಾಯವಾಗುವುದು 10 ಅಥವಾ ಹೆಚ್ಚು ಕೆಲಸಗಾರರಿರುವ ಕಡೆ. ನಾಲ್ಕೈದು ಜನರ ಶೆಡ್ಡು, ಮನೆಯೊಳಗಿನ ಮಗ್ಗ ಪಟ್ಟಿಯ ಹೊರಗೇ ಉಳಿಯುತ್ತವೆ. ಅವರನ್ನು ಸೇರಿಸಿಕೊಳ್ಳುವ ಡಾಕ್ಟರಿಗೆ ಒಂದು ಕಾಸೂ ಇಲ್ಲ. ಮೊದಲ ಪ್ರೋತ್ಸಾಹಧನ ಅವರ ಹೆಸರಿನಲ್ಲೇ ಬರಬೇಕು. ವರ್ಷದ ಕೊನೆಗೆ ಅವರನ್ನು ನಿಜವಾಗಿ ಪರೀಕ್ಷಿಸಿದ್ದಾರೆಯೇ ಎಂದು ನೋಡಿ ಬಾಕಿ ಕೊಡಬೇಕು.

ನಾವೂ ಸುಮ್ಮನಿರಬಾರದು. ಈ ಭಾನುವಾರ ಪೂಜೆ ಮುಗಿದ ಮೇಲೆ ಪಕ್ಕದವರನ್ನು ಕೇಳೋಣ: ಇಎಸ್‌ಐ ಕಾರ್ಡ್ ಇದೆಯೇ? ನಮ್ಮ ನಡುವೆ ಶೆಡ್ ಮಾಲೀಕರಿದ್ದರೆ ಅವರನ್ನೂ ಕೇಳೋಣ: ಹತ್ತನೆಯವನ ಹೆಸರು ನಿಮ್ಮ ಪುಸ್ತಕದಲ್ಲಿದೆಯೇ? ಗಾಯಗೊಂಡವನನ್ನು ಕಂಡೂ ಪಕ್ಕಕ್ಕೆ ಸರಿದುಹೋದವರು ಆ ಸಾಮತಿಯಲ್ಲಿ ದೇವಾಲಯದವರೇ ಆಗಿದ್ದರು.