ಪಿನಾಕಾದ ಪ್ರೀತಿ, ತಾಲಿಶ್‌ನ ಮನೆಗಳು

ಅರ್ಮೇನಿಯಾದ ಮೇಲೆ ನಮ್ಮಲ್ಲಿ ಹಲವರಿಗೆ ಇದ್ದಕ್ಕಿದ್ದಂತೆ ಪ್ರೀತಿ ಉಕ್ಕಿದೆ. ಕಾರಣ ಗುಟ್ಟೇನಲ್ಲ. ಅಜರ್‌ಬೈಜಾನಿನ ಬೆನ್ನಿಗೆ ಟರ್ಕಿ, ಪಾಕಿಸ್ತಾನ ನಿಂತಿವೆ. 2022ರಲ್ಲಿ ಅರ್ಮೇನಿಯಾ ನಮ್ಮ ಪಿನಾಕಾ ರಾಕೆಟ್ ಕೊಳ್ಳುವ ಸುದ್ದಿ ಬಂತು. ಯುದ್ಧವನ್ನು ಕ್ರಿಕೆಟ್ ಸ್ಕೋರಿನಂತೆ ನೋಡುವ ಈ ಪ್ರೀತಿಯನ್ನು ನಾನು ನಂಬುವುದಿಲ್ಲ.

ತಾಲಿಶ್ ಎಂಬ ಹಳ್ಳಿಯನ್ನೇ ನೋಡಿ. ನಾಗೋರ್ನೊ-ಕರಾಬಾಖ್‌ನ ಈಶಾನ್ಯ ಮೂಲೆಯಲ್ಲಿ, ಬೆಟ್ಟದ ಬುಡದಲ್ಲಿದ್ದ ಅರ್ಮೇನಿಯನ್ ಬೇಸಾಯಗಾರರ ಊರು. ಹತ್ತಿರದಲ್ಲೇ ಹೊರೆಕವಾಂಕ್ ಎಂಬ ಹಳೆಯ ಮಠ. ಆ ಸೀಮೆಯ ಮನೆಗಳಲ್ಲಿ ಹಿಪ್ಪುನೇರಳೆ ಹಣ್ಣಿನ ಸಾರಾಯಿ ಇಳಿಸುತ್ತಿದ್ದರು. ಹತ್ತಾರು ಬಗೆಯ ಬೆರಕೆ ಸೊಪ್ಪನ್ನು ಸಣ್ಣಗೆ ಹೆಚ್ಚಿ, ತೆಳ್ಳಗೆ ಲಟ್ಟಿಸಿದ ಹಿಟ್ಟಿನೊಳಗೆ ತುಂಬಿ, ಕಾದ ಹಂಚಿನ ಮೇಲೆ ಬೇಯಿಸಿದ ಝೆಂಗ್ಯಾಲೊವ್ ಹತ್ಸ್ ಅವರ ರೊಟ್ಟಿ. ಸುದ್ದಿವಾಹಿನಿಯ ನಕ್ಷೆಯಲ್ಲಿ ಇದೆಲ್ಲಕ್ಕೂ ಒಂದೇ ಹೆಸರು: ‘ವಿವಾದಿತ ಪ್ರದೇಶ’.

2016ರ ಏಪ್ರಿಲ್‌ನ ನಾಲ್ಕು ದಿನಗಳ ಯುದ್ಧದಲ್ಲಿ ಊರು ಬಿಟ್ಟು ಹೋಗದ ಮೂವರು ವೃದ್ಧರು ತಾಲಿಶ್‌ನ ತಮ್ಮ ಮನೆಯಲ್ಲೇ ಕೊಲೆಯಾದರು. ಊರು ಖಾಲಿಯಾಯಿತು. ಮತ್ತೆ ಮನೆ ಕಟ್ಟಿದರು, ಕೆಲವರು ಮರಳಿದರು. 2020ರ ಅಕ್ಟೋಬರಿನಲ್ಲಿ ಅಜರ್‌ಬೈಜಾನ್ ಊರನ್ನು ವಶಪಡಿಸಿಕೊಂಡಿತು. 2023ರಿಂದ ಅಲ್ಲಿ ಹೊಸ ಮನೆ, ಹೊಸ ಜನ.

ಕಾನೂನಿನ ಪ್ರಕಾರ ಅದು ಅಜರ್‌ಬೈಜಾನಿನದೇ ಅಲ್ಲವೇ ಎನ್ನುತ್ತಾರೆ. ಹೌದು. 1923ರಲ್ಲಿ ಸೋವಿಯತ್ ಆಡಳಿತ, ಅರ್ಮೇನಿಯನ್ನರೇ ಹೆಚ್ಚಿದ್ದ ಈ ಸೀಮೆಯನ್ನು ಸ್ವಾಯತ್ತ ಪ್ರಾಂತವೆಂದು ಕರೆದು ಅಜರ್‌ಬೈಜಾನಿನೊಳಗೆ ಇಟ್ಟಿತು. ಆದರೆ ಗಡಿ ಯಾರದೆಂದು ತೀರ್ಮಾನವಾದರೆ, ಅದರೊಳಗಿನ ಹೊಲದಲ್ಲಿ ದುಡಿದವರು ಇರಬೇಕೋ ಬೇಡವೋ ಎಂಬುದೂ ತೀರ್ಮಾನವಾದಂತೆಯೇ? 2022ರ ಡಿಸೆಂಬರಿನಿಂದ ಲಾಚಿನ್ ದಾರಿ ಕಟ್ಟಿ ಅಲ್ಲಿನವರನ್ನು ರೊಟ್ಟಿಗೆ ಸಾಲು ನಿಲ್ಲಿಸಲಾಯಿತು. 2023ರ ಸೆಪ್ಟೆಂಬರ್ 19ರ ದಾಳಿಯ ನಂತರ ಕೆಲವೇ ದಿನಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ಊರು ಬಿಟ್ಟರು.

ಹಾಗಾದರೆ ಅಗ್ದಾಮ್? ಕೇಳಲೇಬೇಕಾದ ಪ್ರಶ್ನೆ. 1993ರಲ್ಲಿ ಅರ್ಮೇನಿಯನ್ ಪಡೆಗಳು ಆ ಪಟ್ಟಣವನ್ನು ಹಿಡಿದವು. ಆಮೇಲೆ ಅದನ್ನು ಇಟ್ಟಿಗೆ, ಕಲ್ಲು ಬಿಡದೆ ಕಿತ್ತೊಯ್ದು ಹಾಳುಬೀಳಿಸಲಾಯಿತು. ಐದು ಲಕ್ಷಕ್ಕೂ ಹೆಚ್ಚು ಅಜರ್‌ಬೈಜಾನಿಗಳು ನೆಲೆ ಕಳೆದುಕೊಂಡರು. ಅವರಿಗೂ ಹೊಲ, ಹಟ್ಟಿ, ಗೋರಿಗಳಿದ್ದವು. ಅವರ ಅಳಲನ್ನು ಬಾಯಿಬಿಟ್ಟು ಹೇಳದ ಅರ್ಮೇನಿಯಾ ಪ್ರೇಮ ನನಗೆ ಬೇಡ. ಆದರೆ ಅಗ್ದಾಮಿನ ಸಾಲವನ್ನು ತಾಲಿಶ್‌ನ ಮುದುಕರಿಂದ ವಸೂಲಿ ಮಾಡುವ ಲೆಕ್ಕವನ್ನು ‘ನ್ಯಾಯ’ ಎನ್ನಲು ನಾಲಿಗೆ ಹೇಗೆ ಹೊರಳುತ್ತದೆ?

2023ರ ನವೆಂಬರಿನಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯ, ಊರು ಬಿಟ್ಟವರು ಬಯಸಿದರೆ ಸುರಕ್ಷಿತವಾಗಿ ಮರಳಲು ಅವಕಾಶ ಕೊಡಬೇಕೆಂದು ಅಜರ್‌ಬೈಜಾನಿಗೆ ಆದೇಶಿಸಿತು. ಪಿನಾಕಾದ ವಿಡಿಯೊ ಹಂಚುವವರು ಆ ಆದೇಶದ ಬಗ್ಗೆ ಒಂದು ಸಾಲು ಬರೆದದ್ದನ್ನು ನಾನು ಕಂಡಿಲ್ಲ. ಅಂದಹಾಗೆ, ಆದೇಶ ಹೇಳುವುದು 2023ರ ಸೆಪ್ಟೆಂಬರ್ 19ರ ನಂತರ ಹೊರಟವರ ಬಗ್ಗೆ. 2020ರಲ್ಲೇ ಅರ್ಮೇನಿಯಾ ಸೇರಿದ ತಾಲಿಶ್‌ನವರು ಅದರೊಳಗೆ ಬರುವುದಿಲ್ಲ.